ಮೊದಲೇ ‘ಇದೇನು ಹೇಳು’ ಅನ್ನಬೇಡಿ

ಭಾನುವಾರ ನೆಂಟರು ಬಂದಿರುತ್ತಾರೆ. ಕಾಫಿ ಲೋಟ ಅವರ ಕೈಗೆ ಹೋದ ಮರುಕ್ಷಣವೇ ಎರಡೂವರೆ ವರ್ಷದ ಮಗುವನ್ನು ಹಾಲ್‌ಗೆ ಕರೆತಂದು ಪರೀಕ್ಷೆ ಶುರು: ‘ಪುಟ್ಟಾ, ಅತ್ತೆಗೆ ಹೇಳು, ಇದ್ಯಾವ ಕಲರ್?’ ಮಗು ಅಮ್ಮನ ಹಿಂದೆ ಅವಿತುಕೊಳ್ಳುತ್ತದೆ, ಇಲ್ಲವೇ ಬಾಯಿಗೆ ಬಂದ ಬಣ್ಣ ಹೇಳಿ ಓಡುತ್ತದೆ. ನಿನ್ನೆ ಚೆನ್ನಾಗಿ ಹೇಳಿತ್ತಲ್ಲ ಅಂತ ಅಮ್ಮನ ಮುಖ ಸಣ್ಣದಾಗುತ್ತದೆ. ಮಗುವಿಗೆ ಏನೂ ಆಗಿಲ್ಲ. ಕಲಿಸಿದ್ದಕ್ಕಿಂತ ಕೇಳಿದ್ದು ಹೆಚ್ಚಾಗಿದೆ, ಅಷ್ಟೆ.

ಹೊಸ ಹೆಸರೊಂದು ಮಗುವಿನದಾಗಲು ಮೂರು ಮೆಟ್ಟಿಲು ಹತ್ತಬೇಕು. ಮೊದಲು ಹೇಳುವುದು: ‘ಇದು ಹೀರೇಕಾಯಿ.’ ಆಮೇಲೆ ಹುಡುಕಿಸುವುದು: ‘ಹೀರೇಕಾಯಿ ಎಲ್ಲಿ?’ ಕೊನೆಗೆ ಕೇಳುವುದು: ‘ಇದೇನು?’ 19ನೇ ಶತಮಾನದ ಫ್ರೆಂಚ್ ವೈದ್ಯ ಎಡ್ವರ್ಡ್ ಸೆಗ್ಯಾಂ ಹಾಕಿಕೊಟ್ಟ ಕ್ರಮ ಇದು. ಮರಿಯಾ ಮಾಂಟೆಸ್ಸರಿ ಇದನ್ನು ತಮ್ಮ ಪದ್ಧತಿಗೆ ತಂದುಕೊಂಡರು. 1939ರಿಂದ 1946ರವರೆಗೆ ಅವರು ಭಾರತದಲ್ಲೇ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಈಗ ಬೆಂಗಳೂರಿನಲ್ಲಿ ರಸ್ತೆಗೊಂದು ‘ಮಾಂಟೆಸರಿ’ ಬೋರ್ಡು ಕಾಣುತ್ತದೆ; ಬೋರ್ಡಿನ ಒಳಗೆ ಈ ಮೂರು ಮೆಟ್ಟಿಲು ಇವೆಯೋ ಇಲ್ಲವೋ ಬೇರೆ ಮಾತು.

ದೊಡ್ಡವರು ಮೊದಲನೆಯದರಿಂದ ನೇರ ಮೂರನೆಯದಕ್ಕೆ ಜಿಗಿಯುತ್ತಾರೆ. ಹೆಸರು ಕೇಳಿ ವಸ್ತುವನ್ನು ಗುರುತಿಸುವುದು ಸುಲಭ. ವಸ್ತು ನೋಡಿ ಹೆಸರನ್ನು ನೆನಪಿನಿಂದ ನಾಲಿಗೆಗೆ ತರುವುದು ಕಷ್ಟ. ಎರಡು ವರ್ಷದ ಮಗುವಿಗೆ ಅರ್ಥವಾಗುವ ಮಾತು, ಅದು ಆಡುವ ಮಾತಿಗಿಂತ ಎಷ್ಟೋ ಹೆಚ್ಚು. ಆದ್ದರಿಂದ ಹೆಚ್ಚು ಹೊತ್ತು ಕಳೆಯಬೇಕಾದದ್ದು ನಡುವಿನ ಮೆಟ್ಟಿಲಲ್ಲಿ.

ತರಕಾರಿ ಬುಟ್ಟಿಯಿಂದ ಶುರುಮಾಡಬಹುದು. ಮೂರೇ ಮೂರು ತೆಗೆದುಕೊಳ್ಳಿ. ಅವು ಕಣ್ಣಿಗೂ ಕಿವಿಗೂ ಬೇರೆಬೇರೆ ಅನ್ನಿಸಬೇಕು: ಈರುಳ್ಳಿ, ಟೊಮೆಟೊ, ಹೀರೇಕಾಯಿ. ಹೀರೇಕಾಯಿ, ಸೋರೇಕಾಯಿ, ಪಡವಲಕಾಯಿ ಒಟ್ಟಿಗೆ ಇಟ್ಟರೆ ಮಗುವಿನ ಕಿವಿಯಲ್ಲಿ ಉಳಿಯುವುದು ಕೊನೆಯ ‘ಕಾಯಿ’ ಮಾತ್ರ. ಅವನ್ನು ಎರಡು ಮೂರು ವಾರ ಬಿಟ್ಟು ತನ್ನಿ.

ಮೊದಲ ಮೆಟ್ಟಿಲಿಗೆ ಒಂದೆರಡು ನಿಮಿಷ ಸಾಕು. ವಸ್ತುವನ್ನು ಮಗುವಿನ ಕೈಗೆ ಕೊಟ್ಟು, ಹೀರೇಕಾಯಿಯ ಏಣುಗಳ ಮೇಲೆ ಬೆರಳಾಡಿಸಲು ಬಿಟ್ಟು, ಹೆಸರನ್ನು ಮೂರು ನಾಲ್ಕು ಸಲ ಹೇಳಿ. ಬೇರೆ ಮಾತು ಬೇಡ. ‘ನೋಡು ಕಂದಾ, ಬೆಳಿಗ್ಗೆ ಗಾಡಿಯವರ ಹತ್ತಿರ ತಗೊಂಡ್ವಲ್ಲ, ಉದ್ದುದ್ದ ಇದೆಯಲ್ಲ, ಇದಕ್ಕೆ ಏನಂತಾರೆ ಗೊತ್ತಾ...’ ಅಂತ ಎಳೆದರೆ ಹೆಸರು ಮಾತಿನ ರಾಶಿಯಲ್ಲಿ ಹೂತುಹೋಗುತ್ತದೆ.

ಎರಡನೆಯದಕ್ಕೆ ಮಗುವನ್ನು ಓಡಾಡಿಸಿ. ‘ಈರುಳ್ಳಿ ಅಜ್ಜಿಗೆ ಕೊಡು.’ ‘ಟೊಮೆಟೊ ಕುರ್ಚಿ ಕೆಳಗೆ ಇಡು.’ ‘ಹೀರೇಕಾಯಿ ಮುಚ್ಚಿಡು, ಎಲ್ಲಿ ಹೋಯ್ತು?’ ಪ್ರತಿ ಸಲವೂ ಮೂರರ ಜಾಗ ಅದಲುಬದಲು ಮಾಡಬೇಕು, ಇಲ್ಲದಿದ್ದರೆ ಮಗು ಹೆಸರಿನ ಬದಲು ‘ಎಡಗಡೆಯದು’ ಅಂತ ಜಾಗ ನೆನಪಿಟ್ಟುಕೊಳ್ಳುತ್ತದೆ. ಇನ್ನೊಂದು ಗುಟ್ಟು: ಕೇಳುವಾಗ ನಿಮ್ಮ ಕಣ್ಣು ಈರುಳ್ಳಿಯ ಕಡೆ ಹೋಗಬಾರದು. ಮಕ್ಕಳು ನಮ್ಮ ಕಣ್ಣನ್ನು ಓದುವುದರಲ್ಲಿ ಬಹಳ ಚುರುಕು. ನಾವು ಹೆಸರು ಕಲಿತರು ಅಂದುಕೊಂಡಿರುತ್ತೇವೆ, ಅವರು ನಮ್ಮ ನೋಟ ಹಿಂಬಾಲಿಸಿರುತ್ತಾರೆ. ಎರಡು ಬೇರೆ ದಿನ, ಐದರಲ್ಲಿ ನಾಲ್ಕು ಸಲ ಸರಿಯಾಗಿ ತಂದುಕೊಟ್ಟ ಮೇಲೆ ‘ಇದೇನು?’ ಅಂತ ಕೇಳಬಹುದು. ತಪ್ಪಿದರೆ ‘ತಪ್ಪು’ ಅನ್ನುವ ಮಾತೇ ಬೇಡ. ‘ಇದು ಈರುಳ್ಳಿ’ ಅಂದು ಮತ್ತೆ ಎರಡನೇ ಮೆಟ್ಟಿಲಿಗೆ ಇಳಿಯಿರಿ.

ಬಣ್ಣಕ್ಕೆ ಒಂದು ತಿದ್ದುಪಡಿ ಇದೆ. ಕೆಂಪು ಚೆಂಡು, ನೀಲಿ ಕಾರು ತೋರಿಸಿ ‘ಇದು ಕೆಂಪು, ಇದು ನೀಲಿ’ ಅಂದರೆ ‘ಕೆಂಪು’ ಅನ್ನುವುದು ಚೆಂಡಿನ ಹೆಸರೋ ಬಣ್ಣದ ಹೆಸರೋ ಮಗುವಿಗೆ ತಿಳಿಯುವ ದಾರಿಯೇ ಇಲ್ಲ. ವಸ್ತು ಒಂದೇ ಇರಬೇಕು, ಬಣ್ಣ ಮಾತ್ರ ಬೇರೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಒತ್ತಿ ಬಿಡುವುದರಲ್ಲಿ ಬೆರಳಿಗೂ ಬಲ ಬರುತ್ತದೆ. ಕೆಂಪು, ಹಳದಿ, ನೀಲಿ ಗಟ್ಟಿಯಾದ ಮೇಲೆ ನೇರಳೆ, ಕಿತ್ತಳೆ, ಗುಲಾಬಿ ಬರಲಿ. ಕನ್ನಡದಲ್ಲಿ ಇವು ಹಣ್ಣು-ಹೂವಿನ ಹೆಸರೂ ಹೌದು, ಹಾಗಾಗಿ ಹಣ್ಣನ್ನೇ ಪಕ್ಕದಲ್ಲಿಟ್ಟು ತೋರಿಸುವ ಅನುಕೂಲ ಉಂಟು. ಮೆಟ್ರೊ ಹತ್ತಿದರೆ ನೇರಳೆ, ಹಸಿರು, ಹಳದಿ ಮಾರ್ಗಗಳು ನಕ್ಷೆಯಲ್ಲೇ ಸಿಗುತ್ತವೆ. ನೆಂಟರೆದುರು ಮಗುವಿನ ಜಾಣತನ ತೋರಿಸಲೇಬೇಕೆಂದಿದ್ದರೆ ‘ಅತ್ತೆಗೆ ಹಳದಿ ಕ್ಲಿಪ್ ತಂದುಕೊಡು’ ಅನ್ನಿ. ಮಗು ಮಾತಾಡಬೇಕಿಲ್ಲ, ಓಡಿಹೋಗಿ ತಂದರಾಯಿತು.

ಎಣಿಕೆ: ಹೇಳುವುದು ಬೇರೆ, ಎಣಿಸುವುದು ಬೇರೆ

‘ನಮ್ಮವನು ಐವತ್ತರವರೆಗೆ ಹೇಳ್ತಾನೆ’ ಅನ್ನುವ ಮಗುವಿಗೆ ‘ಮೂರು ಚಮಚ ತಾ’ ಅಂದು ನೋಡಿ. ಹಿಡಿ ತುಂಬ ತರುತ್ತದೆ. ಐವತ್ತರವರೆಗೆ ಹೇಳಿದ್ದು ಒಂದು ಹಾಡು, ಎಣಿಕೆಯಲ್ಲ. ಮಕ್ಕಳಿಗೆ ಮೊದಲು ‘ಒಂದು’ ಮಾತ್ರ ಅರ್ಥವಾಗುತ್ತದೆ, ತಿಂಗಳುಗಳ ನಂತರ ‘ಎರಡು’, ಇನ್ನಷ್ಟು ತಿಂಗಳಾದ ಮೇಲೆ ‘ಮೂರು’. ಎಣಿಸಿದಾಗ ಕೊನೆಗೆ ಬಂದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದು ಹೊಳೆಯುವುದು ಹೆಚ್ಚಿನವರಿಗೆ ಮೂರೂವರೆ, ನಾಲ್ಕು ವರ್ಷದ ಸುಮಾರಿಗೆ. ಪರೀಕ್ಷಿಸಲು ಸುಲಭ ದಾರಿ: ಮಗು ಒಂದು, ಎರಡು, ಮೂರು ಅಂತ ಎಣಿಸಿ ಮುಗಿಸಿದ ಮೇಲೆ ‘ಒಟ್ಟು ಎಷ್ಟಿದೆ?’ ಅಂತ ಕೇಳಿ. ಮತ್ತೆ ಒಂದರಿಂದ ಎಣಿಸಲು ಹೊರಟರೆ ಇನ್ನೂ ಹೊಳೆದಿಲ್ಲ ಅಂತ.

ಇಲ್ಲಿ ಸಹಾಯವಾಗುವುದು ಲೆಕ್ಕವನ್ನು ತಿರುಗಿಸಿ ಹೇಳುವುದು. ಮೊದಲು ಒಟ್ಟು, ಆಮೇಲೆ ಎಣಿಕೆ: ‘ತಟ್ಟೆಯಲ್ಲಿ ಮೂರು ಇಡ್ಲಿ ಇದೆ. ಒಂದು, ಎರಡು, ಮೂರು. ಮೂರು ಇಡ್ಲಿ.’ ಕೊನೆಯ ‘ಮೂರು’ ಹೇಳುವಾಗ ಎಲ್ಲ ಇಡ್ಲಿಗಳನ್ನೂ ಸುತ್ತುವಂತೆ ಬೆರಳಿನಿಂದ ಗಾಳಿಯಲ್ಲಿ ಒಂದು ವೃತ್ತ ಎಳೆಯಿರಿ.

ಒಂದಕ್ಕೆ ಒಂದು ಜೋಡಿಸುವುದು ಎಣಿಕೆಯ ಬೇರು. ಅದಕ್ಕೆ ಪಡ್ಡು ಹಂಚಿಗಿಂತ ಒಳ್ಳೆಯ ಸಾಧನ ಅಂಗಡಿಯಲ್ಲಿ ಸಿಗಲಾರದು. ತಣ್ಣಗಿರುವ ಹಂಚು ಕೊಟ್ಟು ಗುಳಿಗೊಂದು ದಪ್ಪ ನಿಂಬೆಹಣ್ಣು ಇಡಲು ಹೇಳಿ. ನಿಂಬೆಹಣ್ಣನ್ನು ಬೇಕೆಂದೇ ಒಂದೆರಡು ಕಡಿಮೆ ಕೊಡಿ. ‘ಇಲ್ಲಿ ಖಾಲಿ ಇದೆ, ಇನ್ನೂ ಬೇಕು’ ಅಂತ ಮಗುವೇ ಹೇಳಿದ ಕ್ಷಣ ಗಣಿತ ಶುರುವಾಗಿದೆ. ಊಟಕ್ಕೆ ತಟ್ಟೆ ಹಾಕಿಸುವುದೂ ಇದೇ ಪಾಠ: ಅಪ್ಪನಿಗೊಂದು, ತಾತನಿಗೊಂದು. ಆದರೆ ‘ಎಷ್ಟು ಜನ?’ ಅನ್ನುವ ಪ್ರಶ್ನೆಯನ್ನು ತಡಮಾಡಿ. ವಸ್ತುವಿಗೆ ಒಂದು, ಎರಡು, ಮೂರು; ಮನುಷ್ಯರಿಗೆ ಒಬ್ಬರು, ಇಬ್ಬರು, ಮೂವರು. ಇನ್ನೂ ‘ಎರಡು’ ಗಟ್ಟಿಯಾಗದ ಮಗುವಿಗೆ ‘ಇಬ್ಬರು’ ಬೇರೆಯೇ ಸಂಖ್ಯೆ. ಹತ್ತರ ಆಚೆ ಮಾತ್ರ ಕನ್ನಡ ಕೈಹಿಡಿಯುತ್ತದೆ. ಇಪ್ಪತ್ತೊಂದು, ಮೂವತ್ತೆರಡು ಅನ್ನುವಲ್ಲಿ ಎಷ್ಟು ಹತ್ತು, ಎಷ್ಟು ಬಿಡಿ ಅನ್ನುವುದು ಕಿವಿಗೇ ಕೇಳಿಸುತ್ತದೆ. ಮಕ್ಕಳು ತೊಡರುವುದು ಕಿವಿಗೆ ಒಂದೇ ತೆರ ಕೇಳಿಸುವ ಹತ್ತೊಂಬತ್ತು, ತೊಂಬತ್ತನ್ನು ಕಲಸಿಕೊಂಡು.

ನಾಲ್ಕೂವರೆ ದಾಟಿದ ಮೇಲೆ ಚೌಕಾಬಾರ ಕಲಿಸಿ. ನಾಲ್ಕು ಹುಣಸೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವವರೆಗೆ ಉಜ್ಜಬೇಕು. ಎಸೆದಾಗ ಬಿಳಿ ಮೇಲೆ ಬಿದ್ದದ್ದು ಎಷ್ಟೋ ಅಷ್ಟು ಮನೆ. ನಾಲ್ಕೂ ಕಪ್ಪು ಬಿದ್ದರೆ ಎಂಟು ಅನ್ನುವ ನಿಯಮವನ್ನು ಮೊದಲ ತಿಂಗಳು ಬಿಟ್ಟುಬಿಡಿ. ‘ಏನೂ ಇಲ್ಲ ಅಂದ್ರೆ ಎಂಟು ಹೇಗೆ?’ ಅಂತ ಮಗು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಎರಡು ಮೂರು ವಾರದಲ್ಲಿ ಬೀಜ ಎಣಿಸುವುದು ಬಿಟ್ಟು, ನೋಡಿದ ತಕ್ಷಣ ‘ಮೂರು’ ಅನ್ನಲು ಶುರುಮಾಡುತ್ತಾರೆ.

ಮೂರು ವರ್ಷದೊಳಗಿನವರ ಕೈಗೆ ಹುಣಸೆ ಬೀಜ, ಕವಡೆ, ಕಡಲೆಕಾಳು ಯಾವುದೂ ಬೇಡ. ಎಲ್ಲವೂ ಬಾಯಿಗೆ ಹೋಗುವ ವಯಸ್ಸು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಟಾಯ್ಲೆಟ್ ರೋಲಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವುದೇ ವಸ್ತು ಆ ವಯಸ್ಸಿಗೆ ಅಪಾಯ ಅಂತ ಅಳತೆ ಇಟ್ಟುಕೊಳ್ಳಿ. ನಿಂಬೆಹಣ್ಣೂ ಆ ಅಳತೆ ದಾಟಬೇಕು.

ಅಕ್ಷರ

ಅತಿ ಹೆಚ್ಚು ಅವಸರ ನಡೆಯುವುದು ಇಲ್ಲಿ, ಎಲ್‌ಕೆಜಿ ಸೀಟಿನ ಭಯದಿಂದ. ಕೈ ಎಷ್ಟಕ್ಕೆ ತಯಾರಿದೆ ನೋಡೋಣ. ನೋಡಿಕೊಂಡು ನೆಟ್ಟಗೆ ಗೆರೆ ಎಳೆಯುವುದು ಎರಡು ವರ್ಷದ ಸುಮಾರಿಗೆ ಬರುತ್ತದೆ, ಸೊನ್ನೆ ಮೂರಕ್ಕೆ, ಕೂಡುವ ಚಿಹ್ನೆಯಂಥ ಅಡ್ಡ-ಉದ್ದ ಗೆರೆ ನಾಲ್ಕರ ಹತ್ತಿರ, ತ್ರಿಕೋನ ಐದಕ್ಕೆ. ಮೂರು ವರ್ಷದ ಮಗುವಿನ ಕೈ ಹಿಡಿದು ಅ, ಆ ತಿದ್ದಿಸಿದರೆ ಬರೆದದ್ದು ನಿಮ್ಮ ಕೈ. ನಾಲ್ಕರವರೆಗೆ ಕಿವಿಯ ಕೆಲಸ ಮಾಡಿಸಿ. ಕನ್ನಡದ ಪದ ಅಕ್ಷರಗಳಾಗಿ ತಾನೇ ಒಡೆಯುತ್ತದೆ: ಮ-ನೆ ಎರಡು ಚಪ್ಪಾಳೆ, ಕಿ-ಟ-ಕಿ ಮೂರು. ಒತ್ತಕ್ಷರ ಇರುವ ಅಕ್ಕ, ಅಜ್ಜಿ ಆಮೇಲೆ. ಚಪ್ಪಾಳೆ ಸರಿಹೋದ ಮೇಲೆ ‘ಮ ಅಂತ ಶುರುವಾಗೋದು ಏನೇನಿದೆ?’ ಆಟ: ಮರ, ಮಳೆ, ಮಗು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಆಟೊದಲ್ಲಿ ಆಡಲು ಸರಿಯಾದದ್ದು. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅರ್ಧ ವರ್ಣಮಾಲೆ ಮುಗಿಸಬಹುದು.

ಆಮೇಲೆ ಅಕ್ಷರದ ರೂಪ. ಅ, ಆ, ಇ, ಈ ಅಂತ 49ನ್ನೂ ಸಾಲಾಗಿ ಕಲಿಸುವುದು ಶಬ್ದಕೋಶ ನೋಡುವವರಿಗೆ ಒಳ್ಳೆಯದು. ಓದು ಕಲಿಯುವವರಿಗೆ ಅದರಲ್ಲಿ ಎರಡು ತೊಡಕು. ಒಂದು, ನೋಟದಲ್ಲೂ ದನಿಯಲ್ಲೂ ಒಂದೇ ತೆರನ ಅಕ್ಷರಗಳು ಅಕ್ಕಪಕ್ಕ ಬರುತ್ತವೆ: ಅ-ಆ, ಉ-ಊ, ಎ-ಏ. ಎರಡು, 13 ಸ್ವರ ಮುಗಿಯುವವರೆಗೆ ಓದಲು ಪದಗಳೇ ಹುಟ್ಟುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ರಸ, ಸರ, ದರ, ಅರಸ, ಅಗಸ, ಸರಸರ, ಗರಗರ ಎಲ್ಲ ಬರುತ್ತವೆ. ಕಾಗುಣಿತವಿಲ್ಲ, ಒತ್ತಿಲ್ಲ, ಎರಡನೇ ವಾರಕ್ಕೇ ಮಗು ‘ಓದಿತು’. ಮನೆಯಲ್ಲೂ ಇದೇ ಕ್ರಮ ಹಿಡಿಯಿರಿ, ವಾರಕ್ಕೆ ಎರಡೇ ಅಕ್ಷರ. ವ, ಪ, ಮ, ಷ ಒಂದೇ ವಾರ ಬರದಂತೆ ನೋಡಿಕೊಳ್ಳಿ. ದ, ಧ, ಥ ಕೂಡ ಹಾಗೆಯೇ. ಅಂಗಡಿಯ ಚಾರ್ಟಿನಲ್ಲಿ ಙ, ಞ ಇರುವ ಚೌಕಗಳನ್ನು ಸುಮ್ಮನೆ ದಾಟಿಬಿಡಿ. ಅವುಗಳಿಂದ ಶುರುವಾಗುವ ಪದ ಮಗುವಿನ ಬಾಯಲ್ಲಿ ಬರುವುದೇ ಇಲ್ಲ.

ಬೆರಳಿನಿಂದ ಮುಟ್ಟುವ ಅಕ್ಷರಗಳನ್ನು ಮನೆಯಲ್ಲೇ ಮಾಡಬಹುದು. ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸುವುದು ರೂಢಿ, ಆದರೆ ಕನ್ನಡದ ಸುರುಳಿಗಳನ್ನು ಅದರಲ್ಲಿ ಕತ್ತರಿಸುವುದು ದೊಡ್ಡ ಕಷ್ಟ. ಹಿಂಬದಿಯಲ್ಲಿ ಬರೆದು ಕತ್ತರಿಸಿದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಬರುತ್ತದೆ, ಇಡೀ ಹಾಳೆ ದಂಡ. ಅದಕ್ಕಿಂತ ಸುಲಭ ಫೆವಿಕಾಲ್ ದಾರಿ. ಅಂಗೈಗಿಂತ ಸ್ವಲ್ಪ ದೊಡ್ಡ ರಟ್ಟು ತಗೊಂಡು 10 ಸೆಂಟಿಮೀಟರ್ ಎತ್ತರದ ಅಕ್ಷರ ಪೆನ್ಸಿಲ್‌ನಲ್ಲಿ ಬರೆಯಿರಿ. ಗೆರೆಯ ಮೇಲೆ ಫೆವಿಕಾಲನ್ನು ಅರ್ಧ ಸೆಂಟಿಮೀಟರ್ ಅಗಲಕ್ಕೆ ಹಿಂಡಿ, ಮೇಲೆ ಮರಳು ಉದುರಿಸಿ, ಹತ್ತು ನಿಮಿಷ ಬಿಟ್ಟು ಹೆಚ್ಚಿನದನ್ನು ಕೊಡವಿ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಪೂರ್ತಿ ಒಂದು ದಿನ ಒಣಗಬೇಕು. ರವೆ ಹಾಕಿದರೆ ಇರುವೆ ಬರುತ್ತದೆ. ಮರಳಿಗೇನು ಬರವಿಲ್ಲ, ಬೆಂಗಳೂರಿನಲ್ಲಿ ಯಾವ ಬೀದಿಗೆ ಹೋದರೂ ಒಂದು ಮನೆ ಕಟ್ಟುತ್ತಿರುತ್ತಾರೆ. ಕೇಳಿ ಒಂದು ಹಿಡಿ ತಂದು, ತೊಳೆದು ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ತೋರುಬೆರಳು, ನಡುಬೆರಳು ಎರಡೂ ಸೇರಿಸಿ ಅಕ್ಷರದ ಮೇಲೆ ಎಳೆಯುತ್ತ ‘ರ’ ಅನ್ನಬೇಕು. ಇಲ್ಲೂ ಅದೇ ಮೂರು ಮೆಟ್ಟಿಲು: ‘ಇದು ರ, ಇದು ಗ.’ ‘ಗ ಎಲ್ಲಿ? ರ ತಾತನಿಗೆ ಕೊಡು.’ ಕೊನೆಗೆ ‘ಇದೇನು?’

ಬರೆಯಲು ಉದ್ದ ಪೆನ್ಸಿಲ್ ಬೇಡ. ಕ್ರೇಯಾನನ್ನು ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು, ಎರಡೂವರೆ ಸೆಂಟಿಮೀಟರ್ ತುಂಡು ಮಾಡಿ ಕೊಡಿ. ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲವಾದ್ದರಿಂದ ಮೂರು ಬೆರಳು ತಾವಾಗಿಯೇ ಸರಿಯಾಗಿ ಕೂರುತ್ತವೆ. ಮೂರು ವರ್ಷ ದಾಟಿ, ತುಂಡನ್ನು ಬಾಯಿಗೆ ಹಾಕುವ ಅಭ್ಯಾಸ ಹೋದ ಮೇಲೆ ಮಾತ್ರ ಇದು. ಸ್ಲೇಟು, ಬಳಪ ಇನ್ನೂ ಒಳ್ಳೆಯದು. ಗೆರೆ ಮೂಡಲು ಒತ್ತಬೇಕು, ಒರೆಸಿದರೆ ತಪ್ಪು ಉಳಿಯುವುದಿಲ್ಲ. ಮಗು ಬಳಪ ತಿನ್ನುವುದನ್ನು ಬಿಡದಿದ್ದರೆ ಬೈಯುವ ಬದಲು ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದಾಗ ಹೀಗೆ ಮಣ್ಣು, ಬಳಪದ ಮೇಲೆ ಆಸೆ ಹುಟ್ಟುವುದುಂಟು.

ಇಂಗ್ಲಿಷ್ ಅಕ್ಷರ ಜೊತೆಜೊತೆಗೇ ಬೇಕೇ? ಕನ್ನಡದಲ್ಲಿ ಅಕ್ಷರದ ಹೆಸರೂ ದನಿಯೂ ಒಂದೇ, ಇಂಗ್ಲಿಷಿನಲ್ಲಿ ಹಾಗಿಲ್ಲ. ಒಂದರ ಮೇಲೆ ಹಿಡಿತ ಬಂದ ಮೇಲೆ ಇನ್ನೊಂದು ತನ್ನಿ. ಆಡುಮಾತಿಗೆ ಈ ಎಚ್ಚರಿಕೆ ಬೇಕಿಲ್ಲ. ಅಪಾರ್ಟ್‌ಮೆಂಟಿನ ಮಕ್ಕಳ ಜೊತೆ ಹಿಂದಿ, ತಮಿಳು, ಅಜ್ಜಿ ಜೊತೆ ಕನ್ನಡ, ಎಲ್ಲ ಕಲಸಿಕೊಂಡು ಮಾತಾಡುವುದು ಗೊಂದಲದ ಲಕ್ಷಣವಲ್ಲ.

ವಿಜ್ಞಾನ ಅಡುಗೆಮನೆಯಲ್ಲೇ ಇದೆ

ಅಲಸಂದೆ ಕಾಳನ್ನು ಎಂಟು ಗಂಟೆ ನೆನೆಸಿ. ಗಾಜಿನ ಲೋಟದೊಳಗೆ ಟಿಶ್ಯೂ ಸುರುಳಿ ಸುತ್ತಿ ಇಟ್ಟು, ಗಾಜಿಗೂ ಟಿಶ್ಯೂಗೂ ನಡುವೆ ನಾಲ್ಕು ಕಾಳು ಸಿಕ್ಕಿಸಿ. ತಳದಲ್ಲಿ ಒಂದು ಸೆಂಟಿಮೀಟರ್ ನೀರು ಸಾಕು, ಉಳಿದದ್ದನ್ನು ಟಿಶ್ಯೂ ಹೀರಿಕೊಳ್ಳುತ್ತದೆ. ಕಾಳು ಮುಳುಗಿದರೆ ಗಾಳಿ ಸಿಗದೆ ಕೊಳೆತು ನಾರುತ್ತದೆ. ಹೆಚ್ಚಾಗಿ ಕೆಡುವುದು ಹೀಗೇ. ಒಂದೆರಡು ದಿನದಲ್ಲಿ ಬೇರು ಇಣುಕುತ್ತದೆ, ಡಿಸೆಂಬರ್ ಚಳಿಯಲ್ಲಿ ಇನ್ನೊಂದು ದಿನ ಹಿಡಿಯಬಹುದು. ಬೇರು ಬೆರಳುಗೆಣ್ಣಿನಷ್ಟಾದಾಗ ಲೋಟವನ್ನು ಅಡ್ಡ ಮಲಗಿಸಿ. ಮಾರನೇ ದಿನ ಬೇರು ಮತ್ತೆ ನೆಲದ ಕಡೆ ಬಾಗಿರುತ್ತದೆ. ಇನ್ನೊಂದು ಲೋಟವನ್ನು ಬೀರುವಿನೊಳಗೆ ಇಡಿ, ‘ಯಾವುದು ಉದ್ದ ಬೆಳೆಯುತ್ತೆ?’ ಅಂತ ಮಗುವಿಗೆ ಮೊದಲೇ ಕೇಳಿಟ್ಟುಕೊಳ್ಳಿ. ಕತ್ತಲಲ್ಲಿದ್ದದ್ದೇ ಉದ್ದ ಬರುತ್ತದೆ, ಬಿಳಿಚಿಕೊಂಡು. ಕಾಳಿನೊಳಗಿನ ಆಹಾರವನ್ನೆಲ್ಲ ಬೆಳಕು ಹುಡುಕಲು ಖರ್ಚುಮಾಡಿರುತ್ತದೆ. ದೊಡ್ಡ ಕಾಳು ಚೆನ್ನಾಗಿ ಕಾಣುತ್ತದೆಂದು ರಾಜ್ಮಾ ಹಾಕಬೇಡಿ. ಬೇಯಿಸದ ರಾಜ್ಮಾ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರಬಹುದು. ಎರಡು ದಿನಕ್ಕೊಮ್ಮೆ ನೀರು ಬದಲಿಸಲೇಬೇಕು. ಡೆಂಗಿ ಸೊಳ್ಳೆಗೆ ಮೊಟ್ಟೆಯಿಡಲು ಒಂದು ಲೋಟದ ನೀರು ಧಾರಾಳ.

ಅರಿಶಿನದ್ದು ಹತ್ತು ನಿಮಿಷದ ಕೆಲಸ. ಅರ್ಧ ಚಮಚ ಅರಿಶಿನ, ಎರಡು ಚಮಚ ನೀರು ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಸೋಪು ನೀರಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಗೆರೆ ಎಳೆದರೆ ಕೆಂಪು ಮೂಡುತ್ತದೆ, ನಿಂಬೆರಸ ಸವರಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಕೆಂಪು ನೀರೂ ಅರಿಶಿನಕ್ಕೆ ಸುಣ್ಣ ಬೆರೆಸಿದ್ದೇ ತಾನೇ. ಆದರೆ ಸುಣ್ಣ ಕಣ್ಣು ಸುಡುತ್ತದೆ, ಮಗುವಿನ ಕೈಗೆ ಸೋಪು ನೀರೇ ಇರಲಿ. ಬಟ್ಟೆಗೆ ಕಲೆಯಾದರೆ ಒಗೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಾಂಪೌಂಡಿನ ಮೇಲೆ ನೀಲಿ ಶಂಖಪುಷ್ಪ ಹಬ್ಬಿದ್ದರೆ ಐದಾರು ಹೂವನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಬಿಟ್ಟು, ಆರಿದ ಮೇಲೆ ನಿಂಬೆ ಹಿಂಡಿಸಿ, ನೀಲಿ ನೇರಳೆಯಾಗುತ್ತದೆ.

ಮುಳುಗುವುದು-ತೇಲುವುದು ಎಲ್ಲರಿಗೂ ಗೊತ್ತಿರುವ ಆಟ. ಕಿತ್ತಳೆ ಸಿಪ್ಪೆಯೊಂದಿಗೆ ತೇಲುತ್ತದೆ, ಸುಲಿದರೆ ಮುಳುಗುತ್ತದೆ, ಅದನ್ನು ಮಾತ್ರ ಮರೆಯದೆ ಸೇರಿಸಿ. ಆಟ ಮುಗಿದ ತಕ್ಷಣ ಬಕೆಟ್ ಖಾಲಿ ಮಾಡಿ. ತಳದಲ್ಲಿ ಉಳಿದ ಸ್ವಲ್ಪವೇ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು.

ಯಾವುದನ್ನೇ ಆಗಲಿ ಎರಡು ವರ್ಷದವರಿಗೆ ಐದು ನಿಮಿಷ, ನಾಲ್ಕು ವರ್ಷದವರಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಬೆಳಿಗ್ಗೆ ತಿಂಡಿಯಾದ ಮೇಲಿನ ಹೊತ್ತು ಒಳ್ಳೆಯದು. ಸಂಜೆ ಆರಕ್ಕೆ ಪ್ಲೇಹೋಮಿನಿಂದಲೋ ಡೇಕೇರ್‌ನಿಂದಲೋ ಬಂದ ಮಗುವಿನ ತಲೆಗೆ ಏನೂ ಇಳಿಯುವುದಿಲ್ಲ. ಕಲಿಸುವ ವಿಡಿಯೊಗಳೂ ಪರದೆಯ ಲೆಕ್ಕಕ್ಕೇ ಬರುತ್ತವೆ. 2019ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಮಿತಿ ಹಾಕಿದೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಅನ್ನುತ್ತದೆ.

ನಾಲ್ಕೈದು ವರ್ಷದವರಿಗೆ ನೆರಳಿನ ಪಾಠ ಟೆರೇಸಿನಲ್ಲಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕಕ್ಕೆ ಮಗುವನ್ನು ಒಂದೇ ಗುರುತಿನ ಮೇಲೆ ನಿಲ್ಲಿಸಿ, ನೆರಳಿನ ಅಂಚಿಗೆ ಮೂರು ಬಣ್ಣದ ಚಾಕ್‌ನಲ್ಲಿ ಗೆರೆ ಹಾಕಿ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್‌ನಲ್ಲಿ 12 ಗಂಟೆ 17 ನಿಮಿಷದ ಆಸುಪಾಸಿನಲ್ಲಿ ನೇರ ನಿಲ್ಲಿಸಿದ ಸ್ಟೀಲ್ ಲೋಟಕ್ಕೆ ನೆರಳೇ ಇರುವುದಿಲ್ಲ. ಹತ್ತು ನಿಮಿಷ ಮೊದಲೇ ಹೋಗಿ, ಟೋಪಿ ಹಾಕಿಸಿ, ಕಾಲಿಗೆ ಚಪ್ಪಲಿ ಇರಲಿ. ‘ನೆರಳು ಎಲ್ಲಿ ಹೋಯ್ತು?’ ಅಂತ ಕೇಳಿ, ಉತ್ತರ ಹೇಳಲು ಹೋಗಬೇಡಿ. ಮಗು ಲೋಟ ಎತ್ತಿ ಕೆಳಗೆ ಹುಡುಕಲಿ. ಆಗಸ್ಟ್‌ನಲ್ಲಿ ಮೋಡ ಮುಚ್ಚಿರುವುದೇ ಹೆಚ್ಚು, ಕ್ಯಾಲೆಂಡರಿನಲ್ಲಿ ಏಪ್ರಿಲ್ ದಿನಗಳಿಗೇ ಗುರುತು ಹಾಕಿಕೊಳ್ಳಿ.